ಕೈ ಹಿಡಿದು ಬರೆಸಿದ್ದು

ಗಾಜಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಚರ್ಚಿನ ಕಚೇರಿಯ ಮೆಟ್ಟಿಲು ಹತ್ತುವಾಗಲೂ ಬಡಗಿ ಭಾನುವಾರದ ಜಗಳವನ್ನೇ ಇನ್ನೊಂದು ಸಲ ಆಡುತ್ತಿದ್ದ. ನಾಲ್ಕು ದಿನದಿಂದ ಆಡುತ್ತಲೇ ಇದ್ದ. ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ, ಗೆದ್ದ ಮೇಲೆ ಮೊಳೆ ಕಚ್ಚಿಕೊಂಡ ಹಾಗೆ ಬಾಯಲ್ಲಿ ತುಕ್ಕಿನ ರುಚಿ ಉಳಿಯುತ್ತಿತ್ತು. ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ, ಅವನೇ ಮಾಡಿಕೊಟ್ಟ ಬೆಂಚುಗಳ ಮೇಲೆ. ಮಕ್ಕಳ ಬೆಂಚಾದ್ದರಿಂದ ದೊಡ್ಡವರ ಮೊಣಕಾಲೆಲ್ಲ ಗಲ್ಲದ ಹತ್ತಿರ ಬಂದಿತ್ತು. ಶಾಲೆಗೆ ನೂರು ವರ್ಷ ತುಂಬುತ್ತದೆ, ಒಂದು ಚರಿತ್ರೆ ಬರಲಿ ಎಂದು ಫಾದರ್ ಹೇಳಿದ್ದರಿಂದ ದೊಡ್ಡಟೀಚರ್ ಅದನ್ನು ಬರೆದಿದ್ದರು. ನಲವತ್ತು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿ, ಈಗಲೂ ಕಾಂಪೌಂಡಿನ ಮೂಲೆಯ ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಇರುವ ಹೆಂಗಸು. ಅವರು ಓದುತ್ತಾ ಹೋದರು, ಅವನು ಕಾಯುತ್ತಾ ಕೂತ. ಅವನ ಅಜ್ಜಿಯ ಹೆಸರು ಬರಲೇ ಇಲ್ಲ. ಮದುವೆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಹೆಂಗಸು ಅವನ ಅಜ್ಜಿ ಅನ್ನುವುದು ಆ ಧರ್ಮಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು; ಅಪ್ಪ ಸಾಯುವವರೆಗೂ ಹೇಳಿದ ಮಾತು. ಅವನು ಎದ್ದು ಕೇಳಿದ. ದೊಡ್ಡಟೀಚರ್ ಕನ್ನಡಕದ ಮೇಲಿಂದ ನೋಡಿ, "ಅದೊಂದು ಬಿಟ್ಟುಬಿಡೋಣ ಕಣೋ. ಬಾಯಿಮಾತಿನ ಸಂಗತಿ" ಅಂದರು. ಅಷ್ಟೇ ಅಂದದ್ದು. ಅವನಿಗೆ ಸಿಟ್ಟು ನೆತ್ತಿಗೆ ಏರಿತು. ಬಾಯಿಮಾತಾ, ನಮ್ಮನೆಯವರು ಸುಳ್ಳುಬುರುಕರಾ ಎಂದು ಶುರುಮಾಡಿದವನು ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ, "ಮದುವೆನೇ ಆಗದವರಿಗೆ ಮದುವೆ ಪುಸ್ತಕದ ವಿಷಯ ಏನು ಗೊತ್ತಿರುತ್ತೆ" ಎಂದುಬಿಟ್ಟ. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಚರ್ಚಿನ ಗಂಟೆ ಹೊಡೆಯುವವನ ನಗು ಅದು, ಮೂಗಿನಿಂದ ಬರುವ ನಗು. ದೊಡ್ಡಟೀಚರ್ ಕನ್ನಡಕ ತೆಗೆದು ಅದರ ಡಬ್ಬಿಯಲ್ಲಿಟ್ಟು ಡಬ್ಬಿ ಮುಚ್ಚಿದರು. ಆ ಟಪ್ ಅನ್ನುವ ಸದ್ದು ಅವನಿಗೆ ಈಗಲೂ ಕೇಳುತ್ತಿತ್ತು. ಅಲ್ಲಿಗಾದರೂ ಕೂತನೇ? ಕೂರಲಿಲ್ಲ. ನೂರರ ಹಬ್ಬದ ದಿನ ಮದುವೆ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಪೆಟ್ಟಿಗೆ ನಾನು ಮಾಡಿಕೊಡುತ್ತೇನೆ, ನಮ್ಮಜ್ಜಿಯ ಪುಟವನ್ನೇ ತೆರೆದಿಡಬೇಕು, ಊರಿಗೂರೇ ನೋಡಲಿ ಎಂದು ಕೂಗಿ, ಎಲ್ಲರ ಕೈ ಎತ್ತಿಸಿ, ಫಾದರ್ ಬಾಯಲ್ಲಿ ಹೂಂ ಅನ್ನಿಸಿಕೊಂಡೇ ಹೊರಟಿದ್ದ. ಹಬ್ಬ ಬರುವ ಭಾನುವಾರ. "ನಿಮ್ಮ ಬಾಯಿಗೆ ನೀವೇ ಒಂದು ಚಿಲಕ ಜಡ್ಕೊಳ್ಳಿ, ಹೇಗೂ ಬಡಗಿ" ಎಂದು ಹೆಂಡತಿ ಅವತ್ತೇ ಹೇಳಿದ್ದಳು.

ಫಾದರ್ ಹೊರಡುವ ಗಡಿಬಿಡಿಯಲ್ಲಿದ್ದರು. ಚಿಕ್ಕ ವಯಸ್ಸಿನವರು, ಬಂದು ಎರಡು ವರ್ಷವಾಗಿತ್ತಷ್ಟೆ. "ಬನ್ನಿ ಮೇಸ್ತ್ರಿ. ನಾನು ಆಸ್ಪತ್ರೆಗೆ ಹೋಗಬೇಕು, ಒಬ್ಬರಿಗೆ ಕೊನೆಯ ಸಂಸ್ಕಾರ ಕೊಡೋದಿದೆ. ಪುಸ್ತಕ ಬೀರುವಿನಲ್ಲಿದೆ, ನೀವೇ ತೆರೆದು ನಾನು ಬರೆದುಕೊಟ್ಟ ಅಳತೆ ಸರಿ ಇದೆಯಾ ನೋಡಿಕೊಳ್ಳಿ" ಎಂದು ಬೀಗದ ಕೈ ಕೊಟ್ಟು, ಬಾಗಿಲಲ್ಲಿ ತಿರುಗಿ, "ಕೈ ಒರೆಸಿಕೊಂಡು ಮುಟ್ಟಿ, ವಾರ್ನಿಶ್ ಮೆತ್ತಿಕೊಂಡಿದೆ" ಎಂದು ನಕ್ಕು ಹೋದರು. ಅವನು ಅಂಗಿಗೆ ಕೈ ಒರೆಸಿಕೊಂಡ. ಅಂಗಿಯಲ್ಲೂ ವಾರ್ನಿಶ್ ಇತ್ತು. ಕೊಳಾಯಿಗೆ ಹೋಗಿ ಸೋಪು ಹಾಕಿ ತೊಳೆದು ಬಂದ. ಐವತ್ತೆರಡು ವರ್ಷದಲ್ಲಿ ಆ ಪುಸ್ತಕವನ್ನು ಅವನು ನೋಡಿದ್ದು ಒಂದೇ ಸಲ, ತನ್ನ ಮದುವೆಯ ದಿನ. ಅದೂ ಹೊಸ ಸಂಪುಟ. ಹಳೆಯದನ್ನು ಯಾರು ತೆಗೆಯುತ್ತಾರೆ. ಕಪ್ಪು ಬಟ್ಟೆಯ ರಟ್ಟು, ಬೆನ್ನು ಬಿಟ್ಟುಕೊಂಡಿತ್ತು. ಯಾರೋ ಒಳ್ಳೆಯ ಕೈಯವರು ದಾರ ಹಾಕಿ ಹೊಲಿದಿದ್ದರು. ಅವನಿಗೆ ಆ ಹೊಲಿಗೆ ಇಷ್ಟವಾಯಿತು. ಕೆಲಸ ಗೊತ್ತಿದ್ದವರು ಮಾಡಿದ್ದು.

ಮೊದಲ ಪುಟಗಳೆಲ್ಲ ಹೆಬ್ಬೆಟ್ಟು. ಗಂಡಿನದೊಂದು, ಹೆಣ್ಣಿನದೊಂದು, ಸಾಕ್ಷಿಗಳದೆರಡು, ಪುಟಕ್ಕೆ ಎಂಟೋ ಹತ್ತೋ, ಅಡ್ಡ ಕತ್ತರಿಸಿದ ಈರುಳ್ಳಿಯ ಹಾಗೆ ಸುತ್ತುಸುತ್ತು ಗೆರೆ. ಒಂದರಲ್ಲಿ ಗೆರೆಯೇ ಇರಲಿಲ್ಲ, ಬರೀ ಮಸಿಯ ಮುದ್ದೆ. ಕಸುಬು ಎನ್ನುವಲ್ಲಿ ಕಲ್ಲು ಒಡೆಯುವವನು ಎಂದಿತ್ತು. ಗೆರೆ ಸವೆದುಹೋಗಿದೆ ಪಾಪ, ಎಂದುಕೊಂಡು ಅವನು ತನ್ನ ಹೆಬ್ಬೆರಳು ನೋಡಿಕೊಂಡ, ಅಲ್ಲೂ ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಅರ್ಧ ಪುಟ ಖಾಲಿ. ಆ ಖಾಲಿ ಜಾಗದ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದನೋ. ದೊಡ್ಡಸ್ವಾಮಿಗಳು ಎಂದೇ ಕರೆಯುತ್ತಿದ್ದ ಆ ಪಾದ್ರಿ ಎರಡು ಟ್ರಂಕು ಹೊತ್ತುಕೊಂಡು ಬಂದರಂತೆ, ಒಂದರಲ್ಲಿ ಬಟ್ಟೆ, ಇನ್ನೊಂದರ ತುಂಬ ಸ್ಲೇಟು. ಬಂದ ವರ್ಷವೇ ಪೂಜೆಯ ನಡುವಿನ ಪ್ರಸಂಗದಲ್ಲಿ, ದೇವರ ಮುಂದೆ ನಿಂತು ಒಪ್ಪಿಗೆ ಅನ್ನುವವರು ತಾವು ಯಾರು ಅಂತ ಬರೆದು ತೋರಿಸಬೇಕು, ಇನ್ನು ಮೇಲೆ ಗಂಡು ಹೆಣ್ಣು ಇಬ್ಬರೂ ತಮ್ಮ ಹೆಸರು ಬರೆಯಲು ಕಲಿಯುವವರೆಗೆ ಮದುವೆ ಇಲ್ಲ ಎಂದುಬಿಟ್ಟರು. ಹನ್ನೊಂದು ಮದುವೆ ನಿಂತವು. ತಾಯಂದಿರು ಅತ್ತರು, ಗಂಡಸರು ಬೈದರು, ಇಬ್ಬರು ಮೂವರು ಪಕ್ಕದ ಚರ್ಚಿಗೆ ಹೋಗಿ ಮಾಡಿಸಿಕೊಳ್ಳುತ್ತೇವೆ ಎಂದು ಹೊರಟರೆ ಅಲ್ಲಿಗೆ ಇವರ ಕಾಗದ ಮೊದಲೇ ಹೋಗಿತ್ತು. ಪೂಜೆ ಬಟ್ಟೆ ಇಡುವ ಕೋಣೆಯಲ್ಲೇ ಪಾಠ. ಮೀಸೆ ಹೊತ್ತ ಮದುಮಗಂದಿರು ಬಳಪ ಹಿಡಿದು ಬೆವರುತ್ತಿದ್ದರಂತೆ. ದೊಡ್ಡಸ್ವಾಮಿಗಳು ಒಬ್ಬರಿಗೂ ಹೊಡೆಯಲಿಲ್ಲ, ಬೈಯಲಿಲ್ಲ, ಮರೆತವರಿಗೆ "ನಾಳೆ ಬನ್ನಿ" ಎನ್ನುತ್ತಿದ್ದರು, ಎಲ್ಲರ ಸ್ಲೇಟನ್ನೂ ತಾವೇ ತೊಳೆದಿಡುತ್ತಿದ್ದರು. ಮುಂದೆ ಶಾಲೆ ಕಟ್ಟುವಾಗ ಬಂದ ಕಲ್ಲು ಗಾರೆಯೆಲ್ಲ ಶಾಲೆಗೇ ಸುರಿದರು. ಚರ್ಚಿನ ಗಂಟೆ ಗೋಪುರವಿಲ್ಲದೆ ಹತ್ತೊಂಬತ್ತು ವರ್ಷ ಮರದ ಕೊಂಬೆಯಲ್ಲಿ ತೂಗಾಡುತ್ತಿತ್ತು. ಅಂಥ ಮನುಷ್ಯ. ಆ ಗೋಡೆಗಳ ಒಳಗೇ ಅವನೂ ಅಕ್ಷರ ಕಲಿತದ್ದು. ಮೊದಲ ದಿನ ಬಳಪ ಎಡಗೈಗೂ ಬಲಗೈಗೂ ಒಗ್ಗದೆ ಅಳುತ್ತಿದ್ದಾಗ ದೊಡ್ಡಟೀಚರ್ ಹಿಂದಿನಿಂದ ಬಗ್ಗಿ ಅವನ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಳೆಸಿದ್ದರು. ಸೀಮೆಸುಣ್ಣದ ಒಣ ಕೈ. ಅದೇ ಕೈ ಭಾನುವಾರ ಕನ್ನಡಕದ ಡಬ್ಬಿ ಮುಚ್ಚಿತ್ತು.

ಖಾಲಿ ಜಾಗ ಆದಮೇಲಿನ ಮೊದಲ ಬರಹ ಅಜ್ಜ ಅಜ್ಜಿಯದು. ಅಜ್ಜನ ಸಹಿ ಮಡಕೆಗಳನ್ನು ಸಾಲಾಗಿ ಜೋಡಿಸಿದ ಹಾಗೆ ದಪ್ಪ ದಪ್ಪಗೆ ಗೆರೆ ದಾಟಿ ಪಕ್ಕದ ಚೌಕಕ್ಕೆ ನುಗ್ಗಿತ್ತು. ಅದರ ಕೆಳಗೆ ಅಜ್ಜಿಯ ಮೂರಕ್ಷರದ ಹೆಸರು. ಅವನು ನೋಡಿದ. ಕನ್ನಡಕ ಹಾಕಿಕೊಂಡು ನೋಡಿದ. ಮರದ ಕೆಲಸದವನ ಕಣ್ಣು, ಒಂದು ಕೈಯ ಕೆಲಸ ಯಾವುದು ಇನ್ನೊಂದು ಕೈಯದು ಯಾವುದು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆ ಪುಟವನ್ನೆಲ್ಲ ತುಂಬಿದ್ದ ದೊಡ್ಡಸ್ವಾಮಿಗಳ ಬರಹ ಬಲಕ್ಕೆ ವಾಲಿ ಕೊನೆಯಲ್ಲಿ ಸಣ್ಣಗೆ ಕೊಂಡಿ ಹಾಕುತ್ತಿತ್ತು. ಅಜ್ಜಿಯ ಮೂರಕ್ಷರವೂ ಬಲಕ್ಕೆ ವಾಲಿ ಸಣ್ಣಗೆ ಕೊಂಡಿ ಹಾಕಿತ್ತು. ನಡುನಡುವೆ ಮಾತ್ರ ಗೆರೆ ತಡವರಿಸಿತ್ತು, ಒಳಗೆ ಇನ್ನೊಂದು ಕೈ ಬಿಗಿಯಾಗಿ ಕೂತಿದ್ದ ಹಾಗೆ. ಅಂಚಿನಲ್ಲಿ ಅದೇ ವಾಲಿದ ಬರಹದಲ್ಲಿ, ಮರೆಮಾಚದೆ, ಎರಡು ಮಾತು: ಕೈ ಹಿಡಿದು ಬರೆಸಿದ್ದು. ಕಲಿಯುವುದಿದೆ. ಮೊದಲ ಸಹಿ ಯಾರದು ಅಂತ ಅವನಿಗೆ ಗೊತ್ತಾದದ್ದು ಎದುರಿನ ಪುಟದಲ್ಲಿ. ಬಲಗಡೆ ಪುಟದಲ್ಲಿ, ಈಸ್ಟರ್ ಕಳೆದ ಮೇಲಿನ ಮದುವೆಯಲ್ಲಿ, ಒಬ್ಬ ಹೆಂಗಸು ಯಾರ ಕೈಯೂ ಇಲ್ಲದೆ ತನ್ನ ಹೆಸರು ಬರೆದಿದ್ದಳು, ಸೊಟ್ಟಸೊಟ್ಟ, ಆದರೆ ಪೂರ್ತಿ ತನ್ನದೇ. ಮನೆತನ ನೋಡಿದ. ಗಂಟೆ ಹೊಡೆಯುವವನ ಮನೆತನ. ಆ ಮನೆಯವರು ಒಂದು ದಿನವೂ ಈ ಮಾತು ಎತ್ತಿದವರಲ್ಲ. ಬಹುಶಃ ಅವರಿಗೂ ಗೊತ್ತಿಲ್ಲ.

ಅಷ್ಟಕ್ಕೆ ಪುಸ್ತಕ ಮುಚ್ಚಿದ್ದರೆ ಆಗುತ್ತಿತ್ತು. ಅವನ ತಲೆಗೆ ಇನ್ನೊಂದು ಪ್ರಶ್ನೆ ಹೊಕ್ಕಿತು. ನಿಯಮ ಅಂದರೆ ನಿಯಮ ಎಂದು ಹನ್ನೊಂದು ಮದುವೆ ನಿಲ್ಲಿಸಿದ ಮನುಷ್ಯ ಅಜ್ಜಿಗೆ ಮಾತ್ರ ಯಾಕೆ ಸಡಿಲ ಬಿಟ್ಟರು? ತಾರೀಖು ನೋಡಿದ. ಮಂಗಳವಾರ, ಮಾರನೆಯ ದಿನ ಬೂದಿ ಬುಧವಾರ. ಅವತ್ತಿನಿಂದ ಉಪವಾಸದ ತಪಸ್ಸು ಕಾಲ, ಅದು ಶುರುವಾದರೆ ಈಸ್ಟರ್‌ವರೆಗೆ ಮದುವೆ ಮಾಡುವ ಹಾಗಿಲ್ಲ. ಆರೇಳು ವಾರ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು? ಬೀರುವಿನಲ್ಲೇ ಕೂಸುಗಳಿಗೆ ಹೆಸರಿಡುವ ದೀಕ್ಷಾಸ್ನಾನದ ಪುಸ್ತಕ ಇತ್ತು. ಅಪ್ಪನ ಹೆಸರು ಹುಡುಕಿದ, ಸಿಕ್ಕಿತು, ಹುಟ್ಟಿದ ತಾರೀಖೂ ಇತ್ತು. ಮದುವೆಯ ದಿನದಿಂದ ಅಲ್ಲಿಗೆ ಬೆರಳು ಮಡಚಿದ. ನಾಲ್ಕು ತಿಂಗಳು, ಒಂಬತ್ತು ದಿನ. ಬಡಗಿಯಾದ್ದರಿಂದ ಇನ್ನೊಂದು ಸಲ ಅಳೆದ. ಅಷ್ಟೇ ಬಂತು.

ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಪ್ಪನ ಮೇಲಿರಬೇಕು. ಒಂದು ಪೂಜೆ ತಪ್ಪಿಸದ, ಪ್ರಸಂಗದ ವೇಳೆ ಕೆಮ್ಮಿದವರನ್ನು ತಿರುಗಿ ನೋಡುವ, ಮೊದಲ ಸಹಿಯ ಮನೆಯವರು ನಾವು ಎಂದು ಕಾಲರು ಸರಿಮಾಡಿಕೊಳ್ಳುವ ಅಪ್ಪ. ನಲವತ್ತೇಳನೆಯ ವಯಸ್ಸಿನಲ್ಲಿ ಹುಟ್ಟಿದ ಕೊನೆಯ ಮಗನಿಗೆ ಆಸ್ತಿ ಅಂತ ಕೊಟ್ಟದ್ದೇ ಆ ಮಾತು, ಆಮೇಲೆ ಒಂದು ಗರಗಸ. ಬೇರೆ ಬಡಗಿಗಳ ಮುಂದೆ, ಮಾವನ ಮನೆಯಲ್ಲಿ, ಶಾಲೆಯ ಸಭೆಗಳಲ್ಲಿ ಅವನು ಆ ಮಾತಿನ ಮೇಲೆಯೇ ಕೂತು ಮಾತಾಡಿದ್ದ. ಅಜ್ಜಿ ಮಾತ್ರ ಅದನ್ನು ಹೇಳಿದ್ದು ನೆನಪೇ ಆಗಲಿಲ್ಲ. ನೆನಪಾದದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಬಟ್ಟೆಯೆಲ್ಲ ಹಿಂಡಿ ಮುಗಿದ ಮೇಲೆ ಅಜ್ಜಿ ಬಕೆಟ್ಟಿನ ನೀರಲ್ಲಿ ಬೆರಳು ಅದ್ದಿ ಬಿಸಿ ಕಲ್ಲಿನ ಮೇಲೆ ತನ್ನ ಮೂರಕ್ಷರ ಬರೆಯುತ್ತಿದ್ದಳು. ಬಿಸಿಲು ಮೊದಲನೆಯದನ್ನು ತಿನ್ನುತ್ತಿತ್ತು, ಆಮೇಲೆ ಎರಡನೆಯದನ್ನು. ಮೂರನೆಯದು ಆರಿದ ಮೇಲೆಯೇ ಅವಳು ಬಕೆಟ್ಟು ಎತ್ತುವುದು. ಯಾಕಜ್ಜಿ ಎಂದು ಒಂದು ದಿನ ಕೇಳಿದ್ದ. "ಇದೆಯಾ ಹೋಯಿತಾ ಅಂತ ನೋಡ್ತೀನಿ" ಅಂದಿದ್ದಳು. ಮುದುಕಿಯ ಆಟ ಎಂದುಕೊಂಡು ಅವನು ಓಡಿಹೋಗಿದ್ದ.

ಪೆಟ್ಟಿಗೆಯೊಳಗೆ ಪುಸ್ತಕ ಇಟ್ಟು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತು. ಅವನ ಜೀವಮಾನದಲ್ಲಿ ಇಷ್ಟು ಚೆನ್ನಾದ ಸಂದು ಕೂಡಿಸಿರಲಿಲ್ಲ. ನಾಲ್ಕು ದಿನದ ಸಿಟ್ಟೆಲ್ಲ ಮರ ಉಜ್ಜುವ ಉಪ್ಪುಕಾಗದಕ್ಕೆ ಹೋಗಿತ್ತು. ಗಾಜಿನ ಕೆಳಗೆ ಆ ಪುಟ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು, ಅಂಚಿನ ಎರಡು ಮಾತೂ ಸೇರಿ. ಭಾನುವಾರ ಜನ ಸಾಲಾಗಿ ಬಂದು ಬಗ್ಗಿ ಓದುತ್ತಾರೆ. ಗಂಟೆ ಹೊಡೆಯುವವನು ಓದುತ್ತಾನೆ, ಮೂಗಿನಿಂದ ನಗುತ್ತಾನೆ. ಪುಟ ಮಗುಚಿ ಬೇರೆ ಕಡೆ ತೆರೆದಿಡಬಹುದು. ಬಟ್ಟೆಯ ಪಟ್ಟಿಯೊಂದನ್ನು ಅಂಚಿಗೆ ಅಡ್ಡ ಬರುವ ಹಾಗೆ ಬಿಗಿಯಬಹುದು, ಪುಸ್ತಕ ಮುಚ್ಚಿಕೊಳ್ಳದಿರಲಿ ಅಂತ ಹಾಕಿದೆ ಅಂದರಾಯಿತು. ಪಟ್ಟಿಯ ಅಗಲ ಎಷ್ಟು ಬೇಕು ಎಂದು ಟೇಪು ಹಿಡಿದು ನೋಡಿದ. ಮುಕ್ಕಾಲು ಅಂಗುಲ. ಅವನ ಕಣ್ಣು ಟೇಪು ಹಿಡಿದ ಕೈಯ ಮೇಲೆ ಬಿತ್ತು. ಬಚ್ಚಿಡದೆ ಬರೆದ ಮನುಷ್ಯನ ಮಾತನ್ನು ಮುಚ್ಚಲು ಅಳತೆ ತೆಗೆಯುತ್ತಿದ್ದೇನೆ ಎಂದುಕೊಂಡು ಟೇಪು ಜೇಬಿಗೆ ಹಾಕಿದ. ಪುಸ್ತಕವನ್ನು ಬೀರುವಿಗೆ ಹಾಕಿ, ಪೆಟ್ಟಿಗೆ ಅಲ್ಲೇ ಬಿಟ್ಟು, ಕಾಂಪೌಂಡು ದಾಟಿ ಹೊರಟ. ಶಾಲೆಯಲ್ಲಿ ಯಾವುದೋ ತರಗತಿ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿತ್ತು, ಏಳರ ಮಗ್ಗಿ, ಎಲ್ಲ ಕಾಲದಲ್ಲೂ ತಪ್ಪುವ ಕಡೆಯೇ ತಪ್ಪುತ್ತಿತ್ತು.

ದೊಡ್ಡಟೀಚರ್ ಕಿಟಕಿಯ ಬಳಿ ಮೇಜಿನ ಮುಂದೆ ಕೂತು ಅಚ್ಚಿನ ಹಾಳೆಗಳನ್ನು ಕೆಂಪು ಪೆನ್ಸಿಲಿನಿಂದ ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ. "ಚಪ್ಪಲಿ ಹೊರಗೆ" ಅಂದರು. ಅವನು ಆಗಲೇ ಬಿಟ್ಟಿದ್ದ.

"ಟೀಚರ್, ಭಾನುವಾರ ಒಂದು ಮಾತು ಆಡಿಬಿಟ್ಟೆ."

"ಯಾವುದು? ಬಹಳ ಆಡಿದೆ."

"ಮದುವೆ ಮಾತು."

"ಅದಾ. ಸುಳ್ಳೇನಲ್ಲವಲ್ಲ, ನನಗೆ ಮದುವೆ ಆಗಿಲ್ಲ." ಪೆನ್ಸಿಲು ಕೆಳಗಿಟ್ಟರು. "ಹಿಂದಿನ ಬೆಂಚಲ್ಲಿ ನಕ್ಕನಲ್ಲ, ಅದಕ್ಕೆ ಬೇಜಾರಾಯಿತು. ಅವನಿಗೂ ಕೈ ಹಿಡಿದು ಬರೆಸಿದವಳು ನಾನೇ."

"ತಪ್ಪಾಯಿತು ಟೀಚರ್. ಎಲ್ಲರ ಮುಂದೆ ಆಡಿದ್ದು, ಎಲ್ಲರ ಮುಂದೆಯೇ ಹೇಳ್ತೀನಿ."

"ಏನೂ ಬೇಡ. ನೀನು ಎದ್ದು ನಿಂತರೆ ಮತ್ತೆ ಎಲ್ಲಿಗೆ ಹೋಗಿ ಮುಟ್ಟುತ್ತೋ." ಸ್ಟೂಲು ತೋರಿಸಿದರು. ಅವನೇ ಮಾಡಿಕೊಟ್ಟ ಸ್ಟೂಲು, ಒಂದು ಕಾಲು ಅಲ್ಲಾಡುತ್ತಿತ್ತು. ಅವನು ಹುಷಾರಾಗಿ ಕೂತ.

"ಪುಸ್ತಕ ನೋಡಿದೆ" ಅಂದ.

"ನೋಡ್ತೀಯ ಅಂತ ಗೊತ್ತಿತ್ತು. ಅಳತೆ ನೋಡದೆ ಪೆಟ್ಟಿಗೆ ಬಿಟ್ಟು ಹೋಗ್ತೀಯಾ ನೀನು."

"ನಿಮಗೆ ಯಾವಾಗಿಂದ ಗೊತ್ತು?"

"ನೀನು ಮೂರನೇ ಕ್ಲಾಸಲ್ಲಿದ್ದಾಗಿಂದ. ನಿಮ್ಮಜ್ಜಿನೇ ಬಂದು ಹೇಳಿದರು. ನೀನು ತರಗತಿಯಲ್ಲಿ ಎದ್ದು ನಿಂತು ನಮ್ಮಜ್ಜಿ ಮೊದಲ ಸಹಿ ಅಂತ ಡಂಗುರ ಹೊಡೆದಿದ್ದೆ, ಮನೆಗೆ ಹೋಗಿ ಅದನ್ನೂ ಹೇಳಿದ್ದೀಯ. ಮಾರನೇ ದಿನ ಶಾಲೆ ಬಿಟ್ಟ ಮೇಲೆ ಬಂದರು, ಇದೇ ಕಿಟಕಿ ಪಕ್ಕ ಕೂತರು. ನಾನು ನನ್ನ ಮಗನಿಗೆ ಹೇಳಿದ್ದೇ ಬೇರೆ ಟೀಚರ್ ಅಂದರು. ಶಾಲೆಗೆ ಸೇರಿದ ಮೊದಲನೆಯವಳು ನಾನು ಅಂತ ಹೇಳಿದ್ದೆ, ಅವನು ಅದನ್ನ ಮದುವೆ ಪುಸ್ತಕಕ್ಕೆ ಒಯ್ದು ಅಂಟಿಸಿದ. ತಿದ್ದೋಕೆ ಹೋದರೆ ಯಾಕೆ ಏನು ಅಂತ ಕೇಳ್ತಾನೆ, ಪುಸ್ತಕ ತೆಗೆಸ್ತಾನೆ, ತಿಂಗಳು ಎಣಿಸ್ತಾನೆ. ಅವನಿಗೆ ತಡೆಯಲ್ಲ, ಒಳಗೆ ಬಹಳ ಮೆದು ಅಂದರು."

ಅಪ್ಪ ಮೆದು. ಅವನು ಕಿಟಕಿಯ ಕಡೆ ತಿರುಗಿದ. ಐದು ಮಕ್ಕಳನ್ನು ಬಾರುಕೋಲಿನಲ್ಲಿ ಬೆಳೆಸಿದ ಅಪ್ಪ. "ಅದಕ್ಕೇ ನೀವು ಸುಮ್ಮನಿದ್ದಿರಾ, ಇಷ್ಟು ವರ್ಷ?"

"ಸುಮ್ಮನಿದ್ದೆ. ಆದರೆ ಸುಳ್ಳನ್ನ ಬರೆಯೋಕೆ ಆಗಲ್ಲವಲ್ಲ, ಅದಕ್ಕೆ ಬಿಟ್ಟುಬಿಡೋಣ ಅಂದೆ. ನೀನು ಬಿಡ್ತೀಯಾ." ಎದ್ದು ಗೋಡೆ ಬೀರುವಿನಿಂದ ಬಿಳಿ ಬಟ್ಟೆಯ ಗಂಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಉದ್ದನೆಯ ತೆಳು ಪುಸ್ತಕ, ಶಾಲೆಯ ಮೊದಲ ಹಾಜರಿ ಪುಸ್ತಕ. ಮೊದಲ ಪುಟ, ಮೊದಲ ಸಾಲು, ವಾಲಿದ ಬರಹ: ಅಜ್ಜಿಯ ಹೆಸರು, ವಯಸ್ಸು ಹತ್ತೊಂಬತ್ತು, ಕೊನೆಯ ಚೌಕದಲ್ಲಿ ಕೂಸಿನೊಂದಿಗೆ ಎಂದಿತ್ತು. "ಆ ಮಂಗಳವಾರ ಬೆಳಿಗ್ಗೆ ಪಾಪನಿವೇದನೆಗೆ ಹೋದಾಗ ಸ್ವಾಮಿಗಳು ಜಪ ಹೇಳು ಅನ್ನಲಿಲ್ಲವಂತೆ. ಸಾಯಂಕಾಲ ಮದುವೆ ಮಾಡಿಸ್ತೀನಿ, ನಿನ್ನ ಹೆಸರು ಮೂರಕ್ಷರ, ಅದನ್ನ ಕಲಿಯೋದೇ ನಿನಗೆ ಪ್ರಾಯಶ್ಚಿತ್ತ ಅಂದರಂತೆ. ಹೆರಿಗೆ ಆಗಿ ಮೂರು ತಿಂಗಳಿಗೆ ಪಾಠಕ್ಕೆ ಬಂದು ನಿಂತರು ನಿಮ್ಮಜ್ಜಿ, ಕಂಕುಳಲ್ಲಿ ನಿಮ್ಮಪ್ಪ. ಮದುವೆ ಆದವರು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ಸಹಿ ಬಂತು, ಮದುವೆ ಆಯಿತು, ಮುಗೀತು. ಒಬ್ಬಳು ಕೂಸು ಎತ್ತಿಕೊಂಡು ಬಂದಳಲ್ಲ ಅಂತ ಇನ್ನೊಬ್ಬಳು ಬಂದಳು, ಆಮೇಲೆ ಏಳೆಂಟು ಜನ. ಕೂಸುಗಳಿಗೆ ಚಾಪೆ ಹಾಕಿದರು. ಅವು ಅಕ್ಷರ ಕೇಳ್ತಾ ಕೇಳ್ತಾ ತೆವಳಿದವು, ಎದ್ದು ಕೂತವು, ಬಳಪ ಕಿತ್ತುಕೊಂಡವು. ತಾಯಂದಿರು ಹೋದರು, ಮಕ್ಕಳು ಉಳಿದರು. ಶಾಲೆ ಅಂದರೆ ಅದೇ ಕಣೋ. ಬೇರೆ ಶಾಲೆ ಎಲ್ಲಿಂದ ಬಂತು. ಕೈ ಹಿಡಿದು ಬರೆಸೋದಕ್ಕೆ ಅವತ್ತು ಸ್ವಾಮಿಗಳು ಒಪ್ಪದೇ ಇದ್ದಿದ್ದರೆ ನಾನೂ ಇಲ್ಲ, ನೀನೂ ಇಲ್ಲ, ಆ ಏಳರ ಮಗ್ಗಿನೂ ಇಲ್ಲ."

ಅವನು ಹಾಳೆ ತಿರುವಿದ. ಹಾಜರಿಯ ಗೀಟುಗಳು ತಿಂಗಳಿಂದ ತಿಂಗಳಿಗೆ, ನಡುವೆ ಕೂಸಿಗೆ ಜ್ವರ ಎಂದು ಒಂದು ವಾರ ಖಾಲಿ. "ಎರಡು ವರ್ಷ ಇದೆ ಟೀಚರ್. ಮೂರಕ್ಷರಕ್ಕೆ ಎರಡು ವರ್ಷವಾ?"

"ಮೂರಕ್ಷರ ಮೂರು ವಾರಕ್ಕೆ ಬಂತಂತೆ. ಬಿಟ್ಟುಹೋಗೋಕೆ ಮನಸ್ಸಾಗಲಿಲ್ಲ ಅಂದರು."

ಕೊನೆಯ ಪುಟದ ಕೆಳಗೆ ಅಜ್ಜಿಯ ಸಹಿ ಇತ್ತು. ಎಡಕ್ಕೆ ವಾಲಿತ್ತು, ಕೊಂಡಿ ಇರಲಿಲ್ಲ, ಕೊನೆಯ ಅಕ್ಷರ ಉಳಿದೆರಡಕ್ಕಿಂತ ದೊಡ್ಡದು. ಆ ದೊಡ್ಡ ಅಕ್ಷರವನ್ನು ಅವನು ಎಷ್ಟೋ ಸಲ ಬಿಸಿ ಕಲ್ಲಿನ ಮೇಲೆ ಎಲ್ಲಕ್ಕಿಂತ ತಡವಾಗಿ ಆರುವುದನ್ನು ನೋಡಿದ್ದ. ಕೆಮ್ಮಿದ, ಅಪ್ಪ ತಿರುಗಿ ನೋಡಿದ ಹಾಗಾಯಿತು.

"ಬರೀರಿ ಟೀಚರ್. ಎಲ್ಲ ಬರೀರಿ. ಮೊದಲ ಸಹಿ ಗಂಟೆ ಹೊಡೆಯೋನ ಮನೆಯದು ಅಂತಾನೂ ಬರೀರಿ."

"ಜನ ಬೆರಳು ಮಡಚಿ ಎಣಿಸ್ತಾರೆ."

"ಎಣಿಸಲಿ. ನಾನೂ ಎಣಿಸಿದೆ."

ದೊಡ್ಡಟೀಚರ್ ಅವನನ್ನು ತಪ್ಪು ಹುಡುಕುವವರ ಹಾಗೆ ನೋಡಿದರು. ಆಮೇಲೆ ದಪ್ಪ ಬಿಳಿ ರಟ್ಟಿನ ತುಂಡೊಂದನ್ನು ಮುಂದೆ ತಳ್ಳಿ ಪೆನ್ನು ಕೊಟ್ಟರು. "ಪೆಟ್ಟಿಗೆ ನಿನ್ನದು, ಚೀಟಿನೂ ನೀನೇ ಬರಿ." ವರ್ಷಗಟ್ಟಲೆ ಪೆನ್ಸಿಲಿನಲ್ಲಿ ಮರದ ಮೇಲೆ ಅಂಕಿ ಬಿಟ್ಟು ಬೇರೇನೂ ಬರೆಯದ ಕೈ ಪೆನ್ನು ಹಿಡಿದು ಸುಮ್ಮನೆ ನಿಂತಿತು.

"ಕೈ ಹಿಡೀಲಾ?" ಅಂದರು ದೊಡ್ಡಟೀಚರ್.

"ಬೇಡ. ಬರುತ್ತೆ."

ನಾಲಿಗೆ ತುಟಿಯ ಮೂಲೆಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ರಟ್ಟಿನ ಎಡಕ್ಕೆ, ಇದು ಸ್ವಾಮಿಗಳು ಕೈ ಹಿಡಿದು ಬರೆಸಿದ್ದು, ಎಂದು ಬರೆದ. ಬಲಕ್ಕೆ, ಇದು ಅವಳೇ ಬರೆದದ್ದು, ಎಂದು ಬರೆದ. ದೊಡ್ಡಟೀಚರ್ ಕೆಂಪು ಪೆನ್ಸಿಲು ಎತ್ತಿಕೊಂಡು ಎರಡು ಸಲ ಓದಿದರು, ಪೆನ್ಸಿಲನ್ನು ಹಾಗೇ ಕೆಳಗಿಟ್ಟರು.

ಕಚೇರಿಯಲ್ಲಿ ಬಿಟ್ಟಿದ್ದ ಪೆಟ್ಟಿಗೆಯನ್ನು ಮತ್ತೆ ಎದೆಗೆ ಅವಚಿಕೊಂಡು ಮನೆಗೆ ಬಂದವನು ನೇರ ಕೆಲಸದ ಹಲಗೆಯ ಮೇಲೆ ಇಟ್ಟ. ಗಾಜು ತೆಗೆದು ಗೋಡೆಗೆ ಒರಗಿಸಿದ. ಮೂಲೆಗೆ ಬಟ್ಟೆ ಒತ್ತಿ ಕೊಡತಿಯಲ್ಲಿ ಮೆಲ್ಲಗೆ ತಟ್ಟಿದ. ಒಳ್ಳೆಯ ಸಂದು, ಸುಲಭಕ್ಕೆ ಬಿಡಲಿಲ್ಲ, ಬಿಡುವಾಗ ಚೂರೂ ಸೀಳಲಿಲ್ಲ. ಸದ್ದು ಕೇಳಿ ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಅಯ್ಯೋ, ಅಷ್ಟು ಚೆನ್ನಾಗಿ ಕೂತಿದ್ದನ್ನ ಯಾಕೆ ಬಿಚ್ತಿದ್ದೀರಿ? ಮತ್ತೆ ಯಾರ ಹತ್ತಿರ ಜಗಳ ಆಯಿತು?"

"ಜಗಳ ಇಲ್ಲ. ಅಳತೆ ತಪ್ಪಿತ್ತು" ಎಂದು ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮದುವೆ ಪುಸ್ತಕ ಹಾಜರಿ ಪುಸ್ತಕ ಎರಡೂ ಪಕ್ಕಪಕ್ಕ ಹಿಡಿಸುವಷ್ಟು ಉದ್ದಕ್ಕೆ ಹೊಸ ಹಲಗೆಯ ಮೇಲೆ ಗೆರೆ ಎಳೆದ.